ಮಂಗಳೂರು–ಕಣ್ಣೂರು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಸಮಯ

ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಗಲ್ಫ್‌ಗೆ ಹೊರಡುವವರಿಗೆ ಉತ್ತರದಲ್ಲಿ ಮಂಗಳೂರು, ದಕ್ಷಿಣದಲ್ಲಿ ಕಣ್ಣೂರು ಹತ್ತಿರದ ನಿಲ್ದಾಣಗಳು. ಯಾವುದು ಅನುಕೂಲ ಎಂಬುದು ಹಾರಾಟದ ಸಮಯಕ್ಕಿಂತ ಮನೆಯಿಂದ ನಿಲ್ದಾಣಕ್ಕಿರುವ ರಸ್ತೆಯನ್ನು ಅವಲಂಬಿಸಿದೆ.

ಎರಡು ನಿಲ್ದಾಣಗಳು

ಮಂಗಳೂರು ನಿಲ್ದಾಣ ನಗರದಿಂದ ಸುಮಾರು 15 ಕಿ.ಮೀ. ದೂರದ ಬಜಪೆಯಲ್ಲಿದೆ. 1951ರಲ್ಲಿ ಆರಂಭವಾಯಿತು. ಗುಡ್ಡದ ನೆತ್ತಿಯ ಮೇಲಿರುವ ಇದರ ದೊಡ್ಡ ರನ್‌ವೇ 2,450 ಮೀಟರ್ ಉದ್ದವಿದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಇಲ್ಲಿ ದುರಂತಕ್ಕೀಡಾಗಿ 158 ಮಂದಿ ಮೃತಪಟ್ಟರು. ಅವರಲ್ಲಿ ಕಾಸರಗೋಡಿನವರೂ ಅನೇಕರಿದ್ದರು.

ಕಣ್ಣೂರು ನಿಲ್ದಾಣ ಮಟ್ಟನ್ನೂರಿನ ಬಳಿ ಇದೆ. 2018ರ ಡಿಸೆಂಬರ್ 9ರಂದು ಉದ್ಘಾಟನೆಗೊಂಡಿತು. ರನ್‌ವೇ 3,050 ಮೀಟರ್. ಕಣ್ಣೂರು ಪೇಟೆಯಿಂದ ಇಲ್ಲಿಗೆ 25 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು.

ದೂರ ಮತ್ತು ಸಮಯ

ಆಕಾಶ ಮಾರ್ಗ (ನೇರ ಗೆರೆ): ಸುಮಾರು 135 ಕಿ.ಮೀ., ಅಂದರೆ 73 ನಾಟಿಕಲ್ ಮೈಲಿ
ರಸ್ತೆ: ಸುಮಾರು 170 ಕಿ.ಮೀ.
ರೈಲು: ಮಂಗಳೂರು ಸೆಂಟ್ರಲ್–ಕಣ್ಣೂರು ಸುಮಾರು 132 ಕಿ.ಮೀ. (ಎರಡೂ ಕಡೆ ವಿಮಾನ ನಿಲ್ದಾಣಕ್ಕೆ ಪ್ರತ್ಯೇಕ ವಾಹನ ಬೇಕು)

ಗಂಟೆಗೆ 800 ಕಿ.ಮೀ. ವೇಗದ ಜೆಟ್‌ಗೆ 135 ಕಿ.ಮೀ. ಎಂದರೆ ಲೆಕ್ಕದಲ್ಲಿ ಹತ್ತೇ ನಿಮಿಷ. ಆದರೆ ಏರುವುದು, ತಿರುಗುವುದು, ಇಳಿಯುವುದು ಸೇರಿದರೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಸುಮಾರು 300 ಕಿ.ಮೀ. ಅಂತರದ ಬೆಂಗಳೂರು–ಮಂಗಳೂರು ಹಾರಾಟಕ್ಕೂ ವೇಳಾಪಟ್ಟಿಯಲ್ಲಿ ಒಂದು ಗಂಟೆಯಷ್ಟು ಇಟ್ಟಿರುವುದು ಇದೇ ಕಾರಣಕ್ಕೆ.

ಮಳೆಗಾಲದಲ್ಲಿ ಬಜಪೆಯಲ್ಲಿ ಮೋಡ ಕವಿದು ಇಳಿಯಲಾಗದೆ ವಿಮಾನಗಳನ್ನು ಕಣ್ಣೂರು, ಕೊಚ್ಚಿ ಅಥವಾ ಬೆಂಗಳೂರಿಗೆ ತಿರುಗಿಸಿದ್ದುಂಟು. ಆಗ ವಿಮಾನಕ್ಕೆ ಅರ್ಧ ಗಂಟೆಯ ದಾರಿಯಾದದ್ದು ಬಜಪೆಯಲ್ಲಿ ಕಾಯುವ ಮನೆಯವರಿಗೆ ನಾಲ್ಕೈದು ಗಂಟೆಯ ರಸ್ತೆಯಾಗುತ್ತದೆ.

ದುಬೈಗೆ ಯಾವುದು ಹತ್ತಿರ?

ದುಬೈ ಮಂಗಳೂರಿನಿಂದ ನೇರ ಗೆರೆಯಲ್ಲಿ ಸುಮಾರು 2,450 ಕಿ.ಮೀ. ಕಣ್ಣೂರಿನಿಂದ ಸುಮಾರು 125 ಕಿ.ಮೀ. ಹೆಚ್ಚು. ಆಕಾಶದಲ್ಲಿ ಇದರ ವ್ಯತ್ಯಾಸ ಹತ್ತು ನಿಮಿಷದಷ್ಟೇ. ಹಾಗಾಗಿ ಟಿಕೆಟ್ ದರ, ಹೊರಡುವ ಸಮಯ ಮತ್ತು ನಿಲ್ದಾಣಕ್ಕೆ ಹೋಗುವ ಬಾಡಿಗೆ ಇವನ್ನೇ ಲೆಕ್ಕ ಹಾಕಬೇಕು.

ಯಾವ ಊರಿಗೆ ಯಾವ ನಿಲ್ದಾಣ?

ಎರಡೂ ನಿಲ್ದಾಣಗಳಿಗೆ ರಸ್ತೆ ಹೆಚ್ಚುಕಡಿಮೆ ಸಮನಾಗುವುದು ಹೊಸದುರ್ಗದ (ಕಾಞಂಗಾಡು) ಆಸುಪಾಸಿನಲ್ಲಿ. ಅಲ್ಲಿಂದ ತೆಂಕಣ ನೀಲೇಶ್ವರ, ಚೆರುವತ್ತೂರು, ತೃಕ್ಕರಿಪುರದವರಿಗೆ ಕಣ್ಣೂರು ಹತ್ತಿರ. ಬಡಗಣ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದವರಿಗೆ ಮಂಗಳೂರೇ ಹತ್ತಿರ. ಕಾಸರಗೋಡು ಪೇಟೆಯಿಂದ ಬಜಪೆಗೆ ಸುಮಾರು 60 ಕಿ.ಮೀ., ಮಟ್ಟನ್ನೂರಿಗೆ ಸುಮಾರು 110 ಕಿ.ಮೀ.

ಆದರೆ ಮಂಗಳೂರಿನ ದಾರಿಯಲ್ಲಿ ತಲಪಾಡಿಯ ರಾಜ್ಯ ಗಡಿ ದಾಟಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಕರ್ನಾಟಕ ಗಡಿ ರಸ್ತೆಗಳನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ರೋಗಿಗಳೂ ಅಲ್ಲೇ ಸಿಕ್ಕಿಬಿದ್ದರು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಗಡಿನಾಡಿನವರಿಗೆ ಮಂಗಳೂರು ಕಿಲೋಮೀಟರಿನಲ್ಲಿ ಹತ್ತಿರವಾದರೂ ನಡುವೆ ಗಡಿಯೊಂದಿದೆ. ಆ ದಾರಿ ಮುಚ್ಚಿದರೆ ರಾಜ್ಯದೊಳಗೇ ಹೋಗಿ ಸೇರಬಹುದಾದ ಸಮೀಪದ ನಿಲ್ದಾಣ ಕಣ್ಣೂರು.