ಜಾವಾ ಐಡಿಇ ಎಂದರೇನು? ಅದು ತಾನೇ ಪ್ರೋಗ್ರಾಂ ಬರೆಯುತ್ತದೆಯೇ?

‘ಈ ಸಾಫ್ಟ್‌ವೇರ್ ಹಾಕಿಕೊಂಡರೆ ಸಾಕು, ಜಾವಾ ಪ್ರೋಗ್ರಾಂ ತಾನೇ ತಯಾರಾಗುತ್ತದೆ’, ‘ದುಬಾರಿ ಐಡಿಇ ಈಗ ಉಚಿತ, ಕೆಳಗಿನ ಲಿಂಕ್ ಒತ್ತಿ’. ಇಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಮೊದಲ ಮಾತು ತಪ್ಪು. ಎರಡನೆಯದು ಅಪಾಯಕಾರಿ.

ಐಡಿಇ ಮಾಡುವ ಕೆಲಸವೇನು?

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರಲ್ಲಿ ಹೊರತಂದ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ನೋಟ್‌ಪ್ಯಾಡ್ ಕೂಡ ಸಾಕು. ಬರೆದದ್ದನ್ನು ಜೆಡಿಕೆಯಲ್ಲಿರುವ ಕಂಪೈಲರ್ ಬೈಟ್‌ಕೋಡ್ ಆಗಿ ಬದಲಿಸುತ್ತದೆ. ಅದನ್ನು ಜೆವಿಎಂ ಓಡಿಸುತ್ತದೆ. ಆದರೆ ದೊಡ್ಡ ಅಪ್ಲಿಕೇಶನ್‌ನಲ್ಲಿ ನೂರಾರು ಫೈಲ್‌ಗಳಿರುತ್ತವೆ. ಅವನ್ನು ಬರೆಯುವ ಎಡಿಟರ್, ತಪ್ಪು ಹುಡುಕುವ ಡಿಬಗರ್, ಎಲ್ಲವನ್ನೂ ಜೋಡಿಸುವ ಮೇವನ್ ಅಥವಾ ಗ್ರೇಡಲ್, ಹಳೆಯ ಆವೃತ್ತಿಗಳನ್ನು ಕಾಪಾಡುವ ಗಿಟ್ ಇವೆಲ್ಲ ಒಂದೇ ಕಡೆ ಸಿಗುವಂತೆ ಮಾಡುವುದೇ ಐಡಿಇ.

ಇದರ ನಿಜವಾದ ಬೆಲೆ ತಿಳಿಯುವುದು ಹಳೆಯ ಪ್ರೋಗ್ರಾಂ ತಿದ್ದುವಾಗ. ನಲವತ್ತು ಫೈಲ್‌ಗಳಲ್ಲಿ ಬಳಸಿದ ಒಂದು ಮೆಥಡ್‌ನ ಹೆಸರು ಬದಲಿಸಬೇಕು ಎಂದುಕೊಳ್ಳಿ. ಬರೀ ಅಕ್ಷರ ಹುಡುಕಿ ಬದಲಿಸಿದರೆ ಅದೇ ಹೆಸರಿನ ಬೇರೆ ಮೆಥಡ್‌ಗಳೂ ಕೆಡುತ್ತವೆ. ಐಡಿಇ ಕೋಡ್‌ನ ರಚನೆಯನ್ನು ಅರ್ಥಮಾಡಿಕೊಂಡು, ಬೇಕಾದ ಕಡೆ ಮಾತ್ರ ಬದಲಿಸುತ್ತದೆ. ಇದನ್ನು ರಿಫ್ಯಾಕ್ಟರಿಂಗ್ ಎನ್ನುತ್ತಾರೆ.

ಹಾಗಾದರೆ ಎಲ್ಲ ತಪ್ಪನ್ನೂ ಹಿಡಿಯುತ್ತದೆಯೇ?

ಇಲ್ಲ. ಅಂಕ ಇರಬೇಕಾದ ಜಾಗದಲ್ಲಿ ಹೆಸರು ಬರೆದರೆ ತಕ್ಷಣ ಕೆಂಪು ಗೆರೆ ಬೀಳುತ್ತದೆ. ಆದರೆ ಪಾಸ್ ಆಗಲು 35 ಅಂಕ ಬೇಕು ಎಂದಿಟ್ಟುಕೊಳ್ಳಿ. ‘35 ಅಥವಾ ಅದಕ್ಕಿಂತ ಹೆಚ್ಚು’ ಎಂದು ಬರೆಯುವ ಬದಲು ‘35ಕ್ಕಿಂತ ಹೆಚ್ಚು’ ಎಂದು ಬರೆದರೆ ಐಡಿಇ ಸುಮ್ಮನಿರುತ್ತದೆ, ಏಕೆಂದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಸರಿಯಾಗಿ 35 ತೆಗೆದ ವಿದ್ಯಾರ್ಥಿ ಮಾತ್ರ ಫೇಲ್! ಪ್ರೋಗ್ರಾಂ ಅನ್ನು ಒಂದೊಂದೇ ಸಾಲು ನಿಲ್ಲಿಸಿ ನೋಡಲು ಡಿಬಗರ್ ನೆರವಾಗುತ್ತದೆ. ತಪ್ಪು ಯಾವುದೆಂದು ಗುರುತಿಸಬೇಕಾದವರು ನೀವೇ. ಈಗ ಐಡಿಇಗಳಲ್ಲಿ ಬಂದಿರುವ ಎಐ ಸಹಾಯಕ ಬರೆದುಕೊಟ್ಟ ಕೋಡ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಒಳ್ಳೆಯ ಐಡಿಇಗೆ ದುಡ್ಡು ಕೊಡಲೇಬೇಕೇ?

ಬೇಡ.

• ಎಕ್ಲಿಪ್ಸ್: ಐಬಿಎಂ 2001ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟಿತು. 2004ರಿಂದ ಎಕ್ಲಿಪ್ಸ್ ಫೌಂಡೇಶನ್ ನೋಡಿಕೊಳ್ಳುತ್ತಿದೆ.
• ನೆಟ್‌ಬೀನ್ಸ್: 1996ರಲ್ಲಿ ಪ್ರಾಗ್ ನಗರದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಯಿತು. ಈಗ ಅಪಾಚೆ ಸಂಸ್ಥೆಯ ಬಳಿ ಇದೆ.
• ಇಂಟೆಲಿಜೆ ಐಡಿಯಾ: 2001ರಲ್ಲಿ ಬಂತು. ಮೂಲ ಸೌಲಭ್ಯಗಳು ಉಚಿತ. ಹೆಚ್ಚಿನ ಸೌಲಭ್ಯಗಳಿಗೆ ಹಣ ಕೊಡಬೇಕು, ಆದರೆ ವಿದ್ಯಾರ್ಥಿಗಳಿಗೆ ಉಚಿತ ಲೈಸೆನ್ಸ್ ಉಂಟು. ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋ ಕೂಡ ಇದರ ಮೇಲೆಯೇ ಕಟ್ಟಿದ್ದು.
• ಬ್ಲೂಜೆ: ಹೊಸದಾಗಿ ಕಲಿಯುವವರಿಗೆಂದೇ ಮಾಡಿದ ಸರಳ ಐಡಿಇ.

ಸಿಕ್ಕ ಲಿಂಕ್ ಒತ್ತಿದರೆ ಏನಾಗುತ್ತದೆ?

ಐಡಿಇಗೆ ನಿಮ್ಮ ಎಲ್ಲ ಕೋಡ್ ಮೇಲೂ ಹಿಡಿತವಿರುತ್ತದೆ. ಹೀಗಾಗಿ ಕಂಪ್ಯೂಟರ್‌ಗೆ ನುಗ್ಗಿದ ಕಳ್ಳ ತಂತ್ರಾಂಶಕ್ಕೆ ಇದೇ ಒಳ್ಳೆಯ ದಾರಿ. 2020ರಲ್ಲಿ ಗಿಟ್‌ಹಬ್‌ನ ಭದ್ರತಾ ತಂಡ ‘ಆಕ್ಟೋಪಸ್ ಸ್ಕ್ಯಾನರ್’ ಎಂಬ ಮಾಲ್‌ವೇರ್ ಬಗ್ಗೆ ಎಚ್ಚರಿಸಿತು. ಅದು ಕಂಪ್ಯೂಟರ್‌ನಲ್ಲಿ ನೆಟ್‌ಬೀನ್ಸ್ ಪ್ರಾಜೆಕ್ಟ್‌ಗಳನ್ನು ಹುಡುಕಿ ಅವುಗಳೊಳಗೆ ಸೇರಿಕೊಳ್ಳುತ್ತಿತ್ತು. ಪ್ರೋಗ್ರಾಂ ಬಿಲ್ಡ್ ಮಾಡಿದಾಗಲೆಲ್ಲ ಹೊಸ ಫೈಲ್‌ಗೂ ಹರಡುತ್ತಿತ್ತು. 26 ಪ್ರಾಜೆಕ್ಟ್‌ಗಳಲ್ಲಿ ಅದು ಪತ್ತೆಯಾಯಿತು. ಬರೆದವರಿಗೆ ತಮ್ಮ ಕೋಡ್ ಸೋಂಕು ಹರಡುತ್ತಿದೆ ಎಂಬುದೇ ಗೊತ್ತಿರಲಿಲ್ಲ. ಅವರ ಪ್ರಾಜೆಕ್ಟ್ ಇಳಿಸಿಕೊಂಡು ಬಿಲ್ಡ್ ಮಾಡಿದವರ ಕಂಪ್ಯೂಟರ್‌ಗೂ ಅದು ಹೋಗಬಹುದಿತ್ತು.

ನೆನಪಿಡಿ

ಐಡಿಇಯನ್ನು ಅದನ್ನು ತಯಾರಿಸಿದ ಸಂಸ್ಥೆಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ‘ಕ್ರ್ಯಾಕ್’ ಮಾಡಿದ ಆವೃತ್ತಿ, ಗುರುತಿಲ್ಲದ ಪ್ಲಗಿನ್ ಬೇಡ. ಬೇರೆಯವರ ಪ್ರಾಜೆಕ್ಟ್ ತೆರೆದ ಕೂಡಲೇ ಬಿಲ್ಡ್ ಒತ್ತಬೇಡಿ, ಎಲ್ಲಿಂದ ಬಂತೆಂದು ನೋಡಿ. ಉಚಿತವಾಗಿಯೇ ಸಿಗುವ ಸಾಧನಕ್ಕಾಗಿ ಕಂಪ್ಯೂಟರ್ ಅನ್ನು ಅಪಾಯಕ್ಕೆ ಒಡ್ಡುವ ಅಗತ್ಯವಿಲ್ಲ.