ಓಣಿಯಿಂದ ಬಡಾವಣೆಗೆ: ಗೋಕಾಕ ಸೀಮೆಯ ಊರುಗಳ ಬೆಳವಣಿಗೆ

ಊರು ಬೆಳೆದಂತೆ ಅದರ ವಿಸ್ತೀರ್ಣದೊಡನೆ ಬೀದಿಗಳ ಪರಸ್ಪರ ಸಂಬಂಧವೂ ಬದಲಾಗುತ್ತದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಆದಿಲಶಾಹಿ ಕಾಲದ ಗುಮ್ಮಟಗಳುಳ್ಳ ಹುಕ್ಕೇರಿಯಂತಹ ಹಳೆಯ ಊರುಗಳಲ್ಲಿ ಓಣಿಗಳು ಇಕ್ಕಟ್ಟಾಗಿದ್ದರೂ ಒಂದನ್ನೊಂದು ಕೂಡಿಕೊಂಡು ಪೇಟೆಯನ್ನೂ ಅಗಸಿಯನ್ನೂ ಸೇರುತ್ತಿದ್ದವು. ಗೋಕಾಕದ ಸ್ವರೂಪ ಬೇರೆ. ಘಟಪ್ರಭೆ ಸುಮಾರು 170 ಅಡಿ ಧುಮುಕುವ ಜಲಪಾತದ ಬಳಿ 1880ರ ದಶಕದಲ್ಲಿ ನೂಲಿನ ಗಿರಣಿ ಸ್ಥಾಪನೆಯಾದುದರಿಂದ, ಪಟ್ಟಣದಿಂದ ಸುಮಾರು 6 ಕಿ.ಮೀ. ದೂರದಲ್ಲಿ ಕಾರ್ಮಿಕರ ಪ್ರತ್ಯೇಕ ನೆಲೆಯೇ ರೂಪುಗೊಂಡಿತು. ಗೋಕಾಕ ತಾಲೂಕಿನಿಂದ ಬೇರ್ಪಟ್ಟು 2018ರಲ್ಲಿ ಅಸ್ತಿತ್ವಕ್ಕೆ ಬಂದ ತಾಲೂಕಿನ ಕೇಂದ್ರವಾದ ಮೂಡಲಗಿಯಲ್ಲಿ ಆಡಳಿತವೇ ಬೆಳವಣಿಗೆಯ ಹೊಸ ಪ್ರೇರಣೆ.

ಹೊಸ ಬಡಾವಣೆಗಳ ವಿಷಯದಲ್ಲಿ ಮಾತ್ರ ಮೂರೂ ಊರುಗಳ ಪ್ರಶ್ನೆ ಒಂದೇ. 1964ರ ಭೂಕಂದಾಯ ಕಾಯಿದೆಯಂತೆ ಹೊಲವು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗುವುದು ಸರ್ವೆ ನಂಬರಿನ ಲೆಕ್ಕದಲ್ಲಿ. ಒಂದೊಂದು ಹೊಲಕ್ಕೂ ಬೇರೆ ಬೇರೆ ನಕ್ಷೆ ತಯಾರಾದರೆ ಬೀದಿಯು ಬದುವಿನ ಬಳಿಯೇ ನಿಲ್ಲುತ್ತದೆ. ಪಕ್ಕದ ಬಡಾವಣೆಗೆ ಹೋಗಲೂ ಹೆದ್ದಾರಿಯನ್ನೇ ಹಿಡಿಯಬೇಕಾಗುತ್ತದೆ. ಅಗಲವಾದ ರಸ್ತೆಯಿದ್ದೂ ಸಂಪರ್ಕ ಕುಗ್ಗುವುದು ಹೀಗೆ.

ದಾರಿಗಳು ಕೆಲವೇ ಆದಾಗಿನ ಅಪಾಯವನ್ನು 2019ರ ಆಗಸ್ಟ್ ತಿಂಗಳ ಪ್ರವಾಹ ತೋರಿಸಿಕೊಟ್ಟಿತು. ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ತಗ್ಗು ಪ್ರದೇಶಗಳು ಜಲಾವೃತವಾದವು. ಲೋಳಸೂರ ಸೇತುವೆ ಮುಳುಗಿ, ನದಿಯ ಉತ್ತರ ದಂಡೆಯೊಡನೆ ಪಟ್ಟಣಕ್ಕಿದ್ದ ಮುಖ್ಯ ಕೊಂಡಿ ಕಡಿಯಿತು. ಆದ್ದರಿಂದ ಪಟ್ಟಣದ ಬೆಳವಣಿಗೆಯನ್ನು ಅಳೆಯುವಾಗ ನಿವೇಶನಗಳ ಸಂಖ್ಯೆಯಷ್ಟೇ ಸಾಲದು. ಒಂದು ದಾರಿ ಮುಚ್ಚಿದಾಗ ಜನರಿಗೆ ಉಳಿಯುವ ಮತ್ತೊಂದು ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.