ಅಡಿಬರಹ: ಪತ್ರಿಕೆ, ದೂರದರ್ಶನ ಮತ್ತು ಶಿಕ್ಷಣದಲ್ಲಿ

ಅಡಿಬರಹವೆಂದರೆ ಅಚ್ಚಾದ ಚಿತ್ರದ ಕೆಳಗಿನ ವಿವರಣೆ. ಪರದೆಯ ಮೇಲೆ ಮಾತಿನ ಜೊತೆಗೆ ಮೂಡುವ ಬರಹಕ್ಕೂ ಇದೇ ಹೆಸರು. ಕ್ಯಾಪ್ಷನ್, ಸಬ್‌ಟೈಟಲ್ ಎಂಬ ಪದಗಳೂ ಬಳಕೆಯಲ್ಲಿವೆ. ಪರದೆಯ ಅಡಿಬರಹದಲ್ಲಿ ಎರಡು ಬಗೆ. ಒಂದು, ಆಡಿದ ಮಾತಿನ ಅನುವಾದ. ಇನ್ನೊಂದು, ಆಡಿದ ಭಾಷೆಯಲ್ಲೇ ಮಾತನ್ನು ಬರೆದು, ಬಾಗಿಲು ಬಡಿದ ಸದ್ದು, ನಗು, ಸಂಗೀತಗಳನ್ನೂ ಸೂಚಿಸುವಂಥದ್ದು. ಕನ್ನಡದಲ್ಲಿ ಹೆಚ್ಚು ಬೆಳೆದದ್ದು ಮೊದಲನೆಯದು. ಚಿತ್ರೋತ್ಸವಗಳಿಗೆ ಹೋಗುವ ಕನ್ನಡ ಸಿನಿಮಾಗಳಿಗೆ ಇಂಗ್ಲಿಷ್ ಅಡಿಬರಹ ವಾಡಿಕೆಯಾಯಿತು. ಕನ್ನಡಿಗರಿಗಾಗಿಯೇ ಕನ್ನಡದ ಮಾತಿಗೆ ಕನ್ನಡದ ಅಡಿಬರಹ ಬಹಳ ಹಿಂದೆ ಬಿದ್ದಿದೆ. ಕಿವಿ ಕೇಳದವರಿಗೂ ಓದು ಗಟ್ಟಿಯಾಗದವರಿಗೂ ಬೇಕಾದದ್ದು ಈ ಎರಡನೆಯ ಬಗೆ.

ಪತ್ರಿಕೆಗಳಲ್ಲಿ

ಅಚ್ಚಿನ ಅಡಿಬರಹವನ್ನು ಮೈಸೂರಿನ ಉದಾಹರಣೆಯಿಂದ ನೋಡಬಹುದು. ಅಲ್ಲಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮ ಬೋಧನೆ ಶುರುವಾದಂದಿನಿಂದ ಮೈಸೂರು ಪತ್ರಕರ್ತರನ್ನು ತಯಾರುಮಾಡುವ ಊರು. ‘ಆಂದೋಲನ’, ‘ಮೈಸೂರು ಮಿತ್ರ’, ‘ಸ್ಟಾರ್ ಆಫ್ ಮೈಸೂರ್’ ಮೊದಲಾದ ಸ್ಥಳೀಯ ಪತ್ರಿಕೆಗಳಿಗೆ ಇಲ್ಲಿ ಸ್ಥಿರವಾದ ಓದುಗ ವರ್ಗವಿದೆ. ಛಾಯಾಪತ್ರಕರ್ತ ಟಿ. ಎಸ್. ಸತ್ಯನ್ (1923–2009) ಇದೇ ಊರಿನವರು. ಸ್ಥಳೀಯ ಪತ್ರಿಕೆಯ ಅಡಿಬರಹದ ಮುಖ್ಯ ಕೆಲಸ ಹೆಸರು ಹೇಳುವುದು: ಸಮಾರಂಭ ಉದ್ಘಾಟಿಸಿದವರು ಯಾರು, ಎಡದಿಂದ ಯಾರ್‍ಯಾರು. ಜಾಗ ಸಾಲದಾದಾಗ ಬರುವ ‘ಮತ್ತಿತರರು ಇದ್ದಾರೆ’ ಎಂಬ ಮಾತು ಮುಂದೆ ಚರಿತ್ರೆ ಬರೆಯುವವರಿಗೆ ನಷ್ಟ. ಆ ಮುಖಗಳನ್ನು ಗುರುತಿಸುವವರು ಐವತ್ತು ವರ್ಷಗಳ ನಂತರ ಸಿಗುವುದು ಕಷ್ಟ.

ಅಡಿಬರಹ ಎಷ್ಟು ಮುಖ್ಯ ಎಂಬುದಕ್ಕೆ ದಸರೆಯ ಜಂಬೂಸವಾರಿಯ ಚಿತ್ರಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸುಮಾರು 750 ಕಿಲೋ ತೂಕದ ಅದೇ ಚಿನ್ನದ ಅಂಬಾರಿ, ಅದೇ ಅರಮನೆ, ಅದೇ ಜನಸಾಗರ. ಅಡಿಬರಹ ಕಳಚಿದ ಚಿತ್ರ ಯಾವ ವರ್ಷದ್ದೆಂದು ಹೇಳುವುದು ಕಷ್ಟ. ಅಂಬಾರಿ ಹೊತ್ತ ಆನೆಯ ಹೆಸರೊಂದಿದ್ದರೂ ಸಾಕು, ಕಾಲದ ಎಲ್ಲೆ ಸಿಗುತ್ತದೆ: ಅರ್ಜುನ ಎಂದಿದ್ದರೆ ಬಹುತೇಕ 2012ರಿಂದ 2019ರ ನಡುವಿನದು, ಅಭಿಮನ್ಯು ಎಂದಿದ್ದರೆ 2020ರಿಂದ ಈಚಿನದು. ಹಳೆಯ ಚಿತ್ರವನ್ನು ಮತ್ತೆ ಬಳಸುವಾಗ ‘ಸಂಗ್ರಹ ಚಿತ್ರ’ ಎಂದು ನಮೂದಿಸುವ ಪದ್ಧತಿಯ ಬೆಲೆಯೂ ಇಲ್ಲೇ ತಿಳಿಯುವುದು.

ದೂರದರ್ಶನದಲ್ಲಿ

ಭಾರತದಲ್ಲಿ ಅದೇ ಭಾಷೆಯ ಅಡಿಬರಹವನ್ನು ಸಾಕ್ಷರತೆಗೆ ಬಳಸುವ ಯೋಚನೆಯನ್ನು ಬೆಳೆಸಿದವರು ಬ್ರಿಜ್ ಕೊಠಾರಿ. ಅಹಮದಾಬಾದಿನ ಭಾರತೀಯ ಪ್ರಬಂಧನ ಸಂಸ್ಥೆಯಲ್ಲಿದ್ದ ಅವರ ಪ್ರಯೋಗ 1999ರಲ್ಲಿ ಗುಜರಾತಿ ದೂರದರ್ಶನದ ಚಿತ್ರಗೀತೆ ಕಾರ್ಯಕ್ರಮದಲ್ಲಿ ಆರಂಭವಾಗಿ, ಹಿಂದಿಯ ‘ಚಿತ್ರಹಾರ್’ಗೆ ಹಬ್ಬಿತು, ಮುಂದೆ ಕನ್ನಡವೂ ಸೇರಿ ಇತರ ಭಾಷೆಗಳಿಗೂ ಬಂತು. ಹಾಡಿದಂತೆ ಸಾಹಿತ್ಯದ ಪದಗಳು ಪರದೆಯಡಿಯಲ್ಲಿ ಬಣ್ಣ ಬದಲಿಸುತ್ತವೆ. ಹಾಡು ಮೊದಲೇ ಬಾಯಿಗೆ ಬಂದಿರುವುದರಿಂದ ಕಣ್ಣು ತಾನಾಗಿ ಅಕ್ಷರವನ್ನು ಹಿಂಬಾಲಿಸುತ್ತದೆ. 2011ರ ಜನಗಣತಿಯಂತೆ ಮೈಸೂರು ಜಿಲ್ಲೆಯ ಸಾಕ್ಷರತೆ ಶೇ 72.79, ರಾಜ್ಯದ್ದು ಶೇ 75.36. ಸಾಕ್ಷರರೆಂದು ಲೆಕ್ಕಕ್ಕೆ ಸೇರಿದವರಲ್ಲೂ ಸರಾಗವಾಗಿ ಓದಲಾರದವರು ಇರುವ ಜಿಲ್ಲೆಗೆ ಇಷ್ಟು ಕಡಿಮೆ ಖರ್ಚಿನ ಉಪಾಯ ಮತ್ತೊಂದು ಇರಲಾರದು.

ಲಿಪಿ ಮತ್ತು ವಾಕ್ಯದ ತೊಡಕುಗಳು

ಅಡಿಬರಹದ ತಂತ್ರಜ್ಞಾನ ರೂಪುಗೊಂಡದ್ದು ರೋಮನ್ ಲಿಪಿಗಾಗಿ. ಅಮೆರಿಕದ ಹಳೆಯ ಅನಲಾಗ್ ವ್ಯವಸ್ಥೆಯಲ್ಲಿ ಅಡಿಬರಹದ ಸಂಕೇತಗಳು ಚಿತ್ರದ 21ನೆಯ ಗೆರೆಯಲ್ಲಿ ಅಡಗಿ ಬರುತ್ತಿದ್ದವು. ಆ ಸಂಕೇತಪಟ್ಟಿಯಲ್ಲಿ ಭಾರತೀಯ ಲಿಪಿಗಳಿಗೆ ಸ್ಥಾನವಿರಲಿಲ್ಲ. ಯುರೋಪಿನ ಪ್ರಸಾರಕರ ಎಸ್‌ಟಿಎಲ್ ಕಡತ ಮಾದರಿಯಲ್ಲೂ ಲ್ಯಾಟಿನ್, ಸಿರಿಲಿಕ್, ಅರಬ್ಬಿ, ಗ್ರೀಕ್, ಹೀಬ್ರೂಗಳಷ್ಟೇ ಇದ್ದವು. ಹೀಗಾಗಿ ಕನ್ನಡವನ್ನು ಬರಹವಾಗಿ ಕಳಿಸಲಾಗದೆ ದೃಶ್ಯದೊಳಗೇ ಚಿತ್ರವಾಗಿ ಅಚ್ಚೊತ್ತಬೇಕಾಯಿತು. ಅಂಥ ಅಡಿಬರಹವನ್ನು ನೋಡುಗರು ಆರಿಸಲಾಗದು, ದೊಡ್ಡದು ಮಾಡಲಾಗದು, ಅದರಲ್ಲಿ ಪದ ಹುಡುಕಲೂ ಆಗದು.

ಯೂನಿಕೋಡ್ ಬಂದ ಮೇಲೆ ಈ ತಡೆ ನೀಗಿತಾದರೂ ಎಣಿಕೆಯ ತೊಡಕು ಉಳಿಯಿತು. ಸಾಲಿಗೆ ಇಷ್ಟು ಅಕ್ಷರ, ಸೆಕೆಂಡಿಗೆ ಇಷ್ಟು ಅಕ್ಷರ ಎಂಬ ಮಿತಿಗಳನ್ನು ತಂತ್ರಾಂಶ ಸಂಕೇತಗಳ ಲೆಕ್ಕದಲ್ಲಿ ನೋಡುತ್ತದೆ. ‘ಸ್ತ್ರೀ’ ಎಂಬುದು ಓದುಗನಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು ಸಂಕೇತ. ‘ಕರ್ನಾಟಕ’ದಲ್ಲಿ ಅರ್ಕಾವೊತ್ತು ಶೇಖರಣೆಯಲ್ಲಿ ನಕಾರಕ್ಕಿಂತ ಮೊದಲು, ಪರದೆಯಲ್ಲಿ ಅದರ ನಂತರ, ಅಕ್ಷರ ಜೋಡಿಸಲು ಬಾರದ ತಂತ್ರಾಂಶ ನಾಡಿನ ಹೆಸರನ್ನೇ ಒಡೆದು ತೋರಿಸುತ್ತದೆ. ಎರಡು ಸಾಲಿನ ಅಡಿಬರಹದಲ್ಲಿ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುವುದರಿಂದ ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚಿರಬೇಕು. ಸುದ್ದಿ ವಾಹಿನಿಗಳ ಪರದೆಯ ಕೆಳಭಾಗವನ್ನಾದರೋ ಅಡಿಬರಹಕ್ಕೆ ಜಾಗ ಉಳಿಯದಂತೆ ಓಡುವ ಪಟ್ಟಿಗಳೇ ತುಂಬಿರುತ್ತವೆ.

ಇದಕ್ಕಿಂತ ಸೂಕ್ಷ್ಮವಾದದ್ದು ವಾಕ್ಯರಚನೆ. ಕನ್ನಡದಲ್ಲಿ ಹೌದು–ಇಲ್ಲಗಳು ತೀರ್ಮಾನವಾಗುವುದು ವಾಕ್ಯದ ಕೊನೆಗೆ. ‘ಸಚಿವರು ರಾಜೀನಾಮೆ ಕೊಡುವುದಿಲ್ಲ’ ಎಂಬ ವಾಕ್ಯದ ಕಡೆಯ ಪದ ಪರದೆಗೆ ಬರುವ ಮೊದಲೇ ಅಡಿಬರಹ ಅಳಿಸಿಹೋದರೆ ಓದುಗನಿಗೆ ದಕ್ಕುವುದು ರಾಜೀನಾಮೆ ಮಾತ್ರ. ಆದ್ದರಿಂದ ನಾಮಪದಗಳನ್ನು ಮೇಲಿನ ಸಾಲಿನಲ್ಲಿಟ್ಟು, ಕ್ರಿಯಾಪದವನ್ನು ಒಡೆಯದೆ ಕೆಳಗಿನ ಸಾಲಿನಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಿಸುವುದು ಸೂಕ್ತ. ‘ಬರ್ತೀನಿ’ ಎಂದದ್ದನ್ನು ‘ಬರುತ್ತೇನೆ’ ಎಂದು ತಿದ್ದಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಪಾಠ, ಸುದ್ದಿಗಳಿಗೆ ಗ್ರಾಂಥಿಕ ರೂಪ ಒಗ್ಗಬಹುದು. ನಾಟಕ, ಸಂದರ್ಶನ, ಸಿನಿಮಾಗಳಲ್ಲಿ ಆಡಿದ ರೂಪವನ್ನೇ ಉಳಿಸುವುದು ಸರಿ, ಏಕೆಂದರೆ ಮಾತನಾಡಿದವರ ಊರು, ವಯಸ್ಸು, ಸ್ವಭಾವಗಳು ಅದರಲ್ಲೇ ಇರುತ್ತವೆ.

ಶಿಕ್ಷಣದಲ್ಲಿ

ಕಿವಿ ಕೇಳದ ಮಕ್ಕಳ ಶಿಕ್ಷಣಕ್ಕೆ ಮೈಸೂರಿನಲ್ಲಿ ಶತಮಾನ ಮೀರಿದ ಪರಂಪರೆಯಿದೆ. ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಇಲ್ಲಿ ಆರಂಭವಾದದ್ದು 1901ರಲ್ಲಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ, ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಲ್ಲಿ ಸ್ಥಾಪನೆಯಾದವು. ಮೈಸೂರು ವಿಶ್ವವಿದ್ಯಾನಿಲಯದ ಶೈಕ್ಷಣಿಕ ಮಾಧ್ಯಮ ಕೇಂದ್ರ ಕಾಲೇಜು ವಿದ್ಯಾರ್ಥಿಗಳಿಗಾಗಿ ವಿಡಿಯೊ ಪಾಠಗಳನ್ನು ತಯಾರಿಸುತ್ತದೆ. ಶ್ರವಣವಿಜ್ಞಾನ, ಭಾಷಾವಿಜ್ಞಾನ, ವಿಡಿಯೊ ನಿರ್ಮಾಣ ಮೂರೂ ಇಷ್ಟು ಹತ್ತಿರದಲ್ಲಿರುವ ಊರು ಕನ್ನಡಕ್ಕೆ ಬೇರೆ ಇಲ್ಲ. ಕನ್ನಡ ಅಡಿಬರಹದ ಮಾರ್ಗಸೂಚಿಯೊಂದು ಹುಟ್ಟಬೇಕಾದದ್ದು ಇಲ್ಲಿಯೇ.

2020ರಲ್ಲಿ ಶಾಲೆಗಳು ಮುಚ್ಚಿದಾಗ ದೂರದರ್ಶನದ ಕನ್ನಡ ವಾಹಿನಿ ಚಂದನದಲ್ಲಿ ಪಾಠಗಳು ಪ್ರಸಾರವಾದವು. ಕೇಳಿ ಕಲಿಯಲಾರದ ಮಗುವಿಗೆ ಇಂಥ ಪಾಠದ ಬಾಗಿಲು ತೆರೆಯುವುದು ಅಡಿಬರಹ ಇಲ್ಲವೇ ಸಂಜ್ಞಾಭಾಷೆಯಿಂದ. ಒಂದು ಇನ್ನೊಂದಕ್ಕೆ ಬದಲಿಯಾಗದು: ಸಂಜ್ಞಾಭಾಷೆಯನ್ನೇ ಮೊದಲ ಭಾಷೆಯಾಗಿ ಕಲಿತವರಿಗೆ ಕನ್ನಡದ ಬರಹ ಎರಡನೆಯ ಭಾಷೆ. ಉನ್ನತ ಶಿಕ್ಷಣದಲ್ಲಿ ಐಐಟಿಗಳ ಆನ್‌ಲೈನ್ ಎನ್‌ಪಿಟಿಇಎಲ್ ಉಪನ್ಯಾಸಗಳಲ್ಲಿ ಕೆಲವಕ್ಕೆ ಕನ್ನಡ ಅಡಿಬರಹ ದೊರೆಯುತ್ತದೆ.

ಕಾನೂನು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 42ನೆಯ ಕಲಂ ವಿದ್ಯುನ್ಮಾನ ಮಾಧ್ಯಮದಲ್ಲಿ ಅಡಿಬರಹ, ಸಂಜ್ಞಾಭಾಷೆ, ಧ್ವನಿವಿವರಣೆಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. ಇದರ ಆಧಾರದ ಮೇಲೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಸೆಪ್ಟೆಂಬರಿನಲ್ಲಿ ದೂರದರ್ಶನ ವಾಹಿನಿಗಳಿಗೆ ಮಾನದಂಡ ಹೊರಡಿಸಿತು. 2024ರ ಮಾರ್ಚಿನಲ್ಲಿ ಚಿತ್ರಮಂದಿರದ ಸಿನಿಮಾಗಳಿಗೂ ಮಾರ್ಗಸೂಚಿ ಬಂತು. 2019ರ ಮಾನದಂಡ ನೇರಪ್ರಸಾರದ ಸುದ್ದಿಗೆ ವಿನಾಯಿತಿ ಕೊಟ್ಟಿದೆ. ಪ್ರವಾಹ, ಸಾಂಕ್ರಾಮಿಕ, ಕರ್ಫ್ಯೂಗಳ ದಿನ ಕಿವಿ ಕೇಳದ ನಾಗರಿಕನಿಗೆ ತಕ್ಷಣ ಬೇಕಾದದ್ದು ಅದೇ ಸುದ್ದಿ. ಈ ವಿನಾಯಿತಿ ಆ ಮಾನದಂಡದ ಅತಿ ದೊಡ್ಡ ಕೊರತೆ.